ಸೋಪಿಲ್ಲದೆ ಮುಖ ತೊಳೆದವರು

ಇಟಲಿಯ ರಸಾಯನಶಾಸ್ತ್ರಜ್ಞ ಪ್ರಿಮೊ ಲೆವಿ ಆಶ್ವಿತ್ಸ್‌ನ ನಾಜಿ ಶಿಬಿರದಿಂದ ಬದುಕಿ ಬಂದು ಬರೆದ ಆತ್ಮಕಥನ 1947ರಲ್ಲಿ ಪ್ರಕಟವಾಯಿತು. ಇಂಗ್ಲಿಷಿನಲ್ಲಿ ಅದು ‘ಇಫ್ ದಿಸ್ ಈಸ್ ಎ ಮ್ಯಾನ್’ ಎಂಬ ಹೆಸರಿನಿಂದ ಪರಿಚಿತ. ಮನಸ್ಸು ಗಟ್ಟಿಯಿದ್ದವನು ಎಂಥ ಕಷ್ಟವನ್ನೂ ದಾಟಬಲ್ಲ ಎಂಬ ಭರವಸೆಯನ್ನು ಅರಸಿ ಈ ಪುಸ್ತಕ ತೆರೆದವರಿಗೆ ಅದು ಸಿಗುವುದಿಲ್ಲ. ಸಿಗುವುದು ಅದಕ್ಕಿಂತ ಬೆಲೆಯುಳ್ಳದ್ದು: ಛಲ ಎಂಬುದು ದಿನದಿನದ ಎಷ್ಟು ಸಣ್ಣ ಕೆಲಸಗಳಿಂದ ಕೂಡಿರುತ್ತದೆ, ಅದರಲ್ಲಿ ಬೇರೆಯವರ ಪಾಲೆಷ್ಟು, ಅದೃಷ್ಟದ ಪಾಲೆಷ್ಟು ಎಂಬ ಪ್ರಾಮಾಣಿಕ ಲೆಕ್ಕ.

ಲೆವಿ ಹುಟ್ಟಿದ್ದು 1919ರಲ್ಲಿ, ಟುರಿನ್ ನಗರದ ಯಹೂದಿ ಕುಟುಂಬವೊಂದರಲ್ಲಿ. ಮುಸೊಲಿನಿ ಸರ್ಕಾರ 1938ರಲ್ಲಿ ಯಹೂದಿಗಳ ವಿರುದ್ಧ ಕಾನೂನುಗಳನ್ನು ತಂದಾಗ ಅವರು ಆಗಲೇ ವಿಶ್ವವಿದ್ಯಾಲಯ ಸೇರಿದ್ದರಿಂದ ಓದು ಮುಗಿಸಲು ಅವಕಾಶವಾಯಿತು. 1943ರ ಡಿಸೆಂಬರ್‌ನಲ್ಲಿ ಫ್ಯಾಸಿಸ್ಟ್ ವಿರೋಧಿ ಗುಂಪೊಂದರ ಜೊತೆ ಬೆಟ್ಟಗಳಲ್ಲಿದ್ದಾಗ ಸೆರೆಸಿಕ್ಕರು. 1944ರ ಫೆಬ್ರುವರಿಯಲ್ಲಿ ಅವರೂ ಸೇರಿದಂತೆ ಸುಮಾರು 650 ಜನರನ್ನು ಸರಕು ಸಾಗಣೆಯ ರೈಲು ಡಬ್ಬಿಗಳಲ್ಲಿ ತುಂಬಿ ಆಶ್ವಿತ್ಸ್‌ಗೆ ಸಾಗಿಸಲಾಯಿತು. ದುಡಿಯಲಾರರು ಎನಿಸಿದವರನ್ನು, ಎಂದರೆ ಹೆಚ್ಚಿನ ಜನರನ್ನು, ತಲುಪಿದ ಕೂಡಲೇ ಬೇರ್ಪಡಿಸಿ ಕೊಂದರು. ಉಳಿದ ಗಂಡಸರ ತೋಳಿನ ಮೇಲೆ ಹಚ್ಚೆ ಚುಚ್ಚಿ ಮೊನೊವಿಟ್ಸ್ ಶಿಬಿರಕ್ಕೆ ದೂಡಿದರು. ಲೆವಿಯ ಸಂಖ್ಯೆ 174517. ಐ.ಜಿ. ಫಾರ್ಬೆನ್ ಕಂಪನಿಯ ಕೃತಕ ರಬ್ಬರ್ ಕಾರ್ಖಾನೆ ಕಟ್ಟುವುದು ಅಲ್ಲಿನ ಕೈದಿಗಳ ಕೆಲಸ. ಅಷ್ಟು ಜೀವಗಳನ್ನು ತಿಂದ ಆ ಕಾರ್ಖಾನೆಯಿಂದ ಕೊನೆಗೂ ರಬ್ಬರ್ ಹೊರಬರಲಿಲ್ಲ.

ಪುಸ್ತಕದಲ್ಲಿ ಸ್ಟೈನ್‌ಲಾಫ್ ಎಂಬ ಕೈದಿಯ ಪ್ರಸಂಗವೊಂದಿದೆ. ಮೊದಲ ಮಹಾಯುದ್ಧದಲ್ಲಿ ಆಸ್ಟ್ರಿಯಾ-ಹಂಗೆರಿಯ ಸೈನ್ಯದಲ್ಲಿ ಸಾರ್ಜೆಂಟ್ ಆಗಿದ್ದು ಪದಕ ಪಡೆದವನು ಆತ. ಕೊಳಕು ನೀರಿನಲ್ಲಿ, ಸೋಪಿಲ್ಲದೆ, ಚಳಿಯಲ್ಲಿ ಮೈಯುಜ್ಜಿ ತೊಳೆದು ತನ್ನ ಅಂಗಿಯಿಂದಲೇ ಒರೆಸಿಕೊಳ್ಳುತ್ತಿದ್ದ. ಅರ್ಧ ಗಂಟೆಯಲ್ಲಿ ಮತ್ತೆ ಮೈಯೆಲ್ಲ ಮಣ್ಣಾಗುವಾಗ ಇದೇಕೆ ಎಂದು ಲೆವಿಗೆ ಅನ್ನಿಸಿತ್ತು. ಶಿಬಿರ ಮನುಷ್ಯರನ್ನು ಪಶುಗಳಾಗಿಸಲು ಕಟ್ಟಿದ ಯಂತ್ರ, ಅದಕ್ಕೆ ಒಪ್ಪಿಗೆ ಕೊಡದಿರುವುದೊಂದೇ ಕೈಯಲ್ಲಿ ಉಳಿದ ಶಕ್ತಿ, ಮುಖ ತೊಳೆಯುವುದು ಆ ಒಪ್ಪಿಗೆಯ ನಿರಾಕರಣೆ ಎಂದು ಸ್ಟೈನ್‌ಲಾಫ್ ತಿಳಿಹೇಳಿದ. ಲೆವಿ ಇದನ್ನು ಗೌರವದಿಂದ ದಾಖಲಿಸಿದರೂ ಪೂರ್ತಿ ಒಪ್ಪಲಿಲ್ಲ. ಬೇರೊಬ್ಬರು ಕಟ್ಟಿಕೊಂಡ ನೀತಿ ತಮಗೆ ಸಾಲದು ಎಂದೇ ಅವರಿಗೆ ತೋರಿತು. ಹೀಗೆ ತಕ್ಷಣ ಶರಣಾಗದೆ ಪ್ರಶ್ನಿಸುವುದೇ ಈ ಕಥನದ ಹಿರಿಮೆ.

ಲೊರೆಂಜೊ ಪೆರೋನೆಯ ಕಥೆ ಇದಕ್ಕಿಂತ ಆಳವಾದುದು. ಇಟಲಿಯ ಫೊಸಾನೊ ಊರಿನ ಈ ಗಾರೆ ಕೆಲಸಗಾರ ಕೈದಿಯಲ್ಲ, ಕೂಲಿಗೆ ಬಂದವನು. ಸುಮಾರು ಆರು ತಿಂಗಳು ಪ್ರತಿದಿನ ತನ್ನ ಪಾಲಿನಲ್ಲಿ ಉಳಿದ ಆಹಾರವನ್ನು ಲೆವಿಗೆ ತಂದುಕೊಟ್ಟ. ತೇಪೆ ಹಾಕಿದ ಒಳಅಂಗಿಯೊಂದನ್ನು ಕೊಟ್ಟ. ಲೆವಿಯ ಪರವಾಗಿ ಇಟಲಿಗೆ ಕಾಗದ ಬರೆದು ಉತ್ತರವನ್ನೂ ತಲುಪಿಸಿದ. ಸಿಕ್ಕಿಬಿದ್ದರೆ ಅವನಿಗೂ ಶಿಕ್ಷೆ ತಪ್ಪುತ್ತಿರಲಿಲ್ಲ. ಪ್ರತಿಯಾಗಿ ಏನನ್ನೂ ಬಯಸಲಿಲ್ಲ. ತಾವು ಬದುಕಿರುವುದು ಲೊರೆಂಜೊನಿಂದ, ಅದೂ ಅವನು ತಂದ ಅನ್ನಕ್ಕಿಂತ ಅವನ ಒಳ್ಳೆಯತನದಿಂದ ಎಂದು ಲೆವಿ ನಂಬಿದ್ದರು. ತಮ್ಮ ಇಬ್ಬರು ಮಕ್ಕಳ ಹೆಸರಿನಲ್ಲೂ ಅವನ ಹೆಸರನ್ನು ಉಳಿಸಿಕೊಂಡರು. ಆದರೆ ಯುದ್ಧದ ನಂತರ ಲೊರೆಂಜೊ ಕುಡಿತಕ್ಕೆ ಬಿದ್ದು, ಕಾಯಿಲೆಯಿಂದ 1952ರಲ್ಲಿ ತೀರಿಕೊಂಡ. ಇನ್ನೊಬ್ಬನನ್ನು ಬದುಕಿಸಿದವನಿಗೆ ತಾನು ಬದುಕುವ ಬಯಕೆ ಉಳಿದಿರಲಿಲ್ಲ. ಛಲವನ್ನು ಒಬ್ಬ ವ್ಯಕ್ತಿಯ ಸ್ವಂತ ಆಸ್ತಿ ಎಂದು ಕೊಂಡಾಡುವವರು ಈ ಭಾಗವನ್ನು ನಿಧಾನವಾಗಿ ಓದಬೇಕು.

ಅದೃಷ್ಟದ ಪಾತ್ರವನ್ನೂ ಲೆವಿ ಮುಚ್ಚಿಡುವುದಿಲ್ಲ. ಕೂಲಿಯಾಳುಗಳ ಕೊರತೆಯಿಂದ ಕೈದಿಗಳನ್ನು ತುಸು ಹೆಚ್ಚು ಕಾಲ ಬದುಕಲು ಬಿಡುತ್ತಿದ್ದ 1944ರಲ್ಲಿ ತಾವು ಅಲ್ಲಿಗೆ ಹೋದದ್ದೇ ಅದೃಷ್ಟ ಎಂದು ಮುನ್ನುಡಿಯಲ್ಲೇ ಹೇಳುತ್ತಾರೆ. ರಸಾಯನಶಾಸ್ತ್ರದ ಓದು ಚಳಿಗಾಲದಲ್ಲಿ ಅವರನ್ನು ಪ್ರಯೋಗಾಲಯದ ಬೆಚ್ಚಗಿನ ಕೆಲಸಕ್ಕೆ ಸೇರಿಸಿತು. 1945ರ ಜನವರಿಯಲ್ಲಿ ಕಾಡಿದ ಸ್ಕಾರ್ಲೆಟ್ ಜ್ವರವೂ ಪ್ರಾಣ ಉಳಿಸಿತು. ರಷ್ಯನ್ ಸೇನೆ ಹತ್ತಿರವಾದಾಗ ಜರ್ಮನರು ನಡೆಯಬಲ್ಲ ಕೈದಿಗಳನ್ನು ಹಿಮದಲ್ಲಿ ಹೊರಡಿಸಿ, ರೋಗಿಗಳನ್ನು ಅಲ್ಲೇ ಬಿಟ್ಟರು. ಪ್ರತಿ ತುಣುಕು ಬ್ರೆಡ್ಡನ್ನೂ ಲೆವಿಯೊಂದಿಗೆ ಹಂಚಿ ತಿಂದಿದ್ದ ಗೆಳೆಯ ಆಲ್ಬರ್ಟೊಗೆ ಬಾಲ್ಯದಲ್ಲೇ ಆ ಜ್ವರ ಬಂದು ಹೋಗಿತ್ತು. ಹಾಗಾಗಿ ಅವನು ಆರೋಗ್ಯವಾಗಿದ್ದ. ನಡೆದು ಹೋದವನು ಮರಳಲಿಲ್ಲ. ಅವನ ಛಲ ಲೆವಿಯದಕ್ಕಿಂತ ಕಡಿಮೆಯೇನೂ ಇರಲಿಲ್ಲ.

ಕಾವಲಿನವರು ಹೋದ ಮೇಲಿನ ಹತ್ತು ದಿನಗಳಲ್ಲಿ ಲೆವಿ ಇಬ್ಬರು ಫ್ರೆಂಚರೊಡನೆ ಅವಶೇಷಗಳ ನಡುವೆ ಹುಡುಕಿ ಒಲೆಯನ್ನೂ ಆಲೂಗಡ್ಡೆಯನ್ನೂ ತಂದರು. ಕೋಣೆ ಬಿಸಿಯಾದಾಗ ರೋಗಿಯೊಬ್ಬ, ದುಡಿದ ಮೂವರಿಗೆ ಎಲ್ಲರೂ ತಮ್ಮ ಬ್ರೆಡ್ಡಿನಿಂದ ಒಂದೊಂದು ಚೂರು ಕೊಡೋಣ ಎಂದ. ನಿನ್ನದನ್ನು ತಿನ್ನು, ಸಾಧ್ಯವಾದರೆ ನೆರೆಯವನದನ್ನೂ ತಿನ್ನು ಎಂಬ ಶಿಬಿರದ ನಿಯಮ ಮುರಿದುಬಿದ್ದದ್ದು ಆ ಗಳಿಗೆಯಲ್ಲಿ. ಕೈದಿಗಳು ಮತ್ತೆ ಮನುಷ್ಯರಾದದ್ದನ್ನು ಲೆವಿ ಗುರುತಿಸುವುದು ಅಲ್ಲಿಂದ. ಜನವರಿ 27ರಂದು ರಷ್ಯನ್ನರು ಬಂದರು.

ಅಕ್ಟೋಬರ್‌ನಲ್ಲಿ ಟುರಿನ್‌ಗೆ ಮರಳಿದ ಲೆವಿ ಬಣ್ಣದ ಕಾರ್ಖಾನೆಯೊಂದರಲ್ಲಿ ದುಡಿಯುತ್ತಲೇ ಪುಸ್ತಕ ಬರೆದರು. ದೊಡ್ಡ ಪ್ರಕಾಶನ ಸಂಸ್ಥೆ ಐನಾವುದಿ ಅದನ್ನು ತಿರಸ್ಕರಿಸಿತು. ಸಣ್ಣ ಪ್ರಕಾಶಕರೊಬ್ಬರು 2,500 ಪ್ರತಿ ಅಚ್ಚು ಹಾಕಿದರು, ಎಲ್ಲವೂ ಖರ್ಚಾಗಲಿಲ್ಲ. ಹನ್ನೊಂದು ವರ್ಷಗಳ ನಂತರ, 1958ರಲ್ಲಿ, ಅದೇ ಐನಾವುದಿ ಪುಸ್ತಕವನ್ನು ಮತ್ತೆ ಪ್ರಕಟಿಸಿತು. 1961ರ ಜರ್ಮನ್ ಅನುವಾದವನ್ನು ಲೆವಿ ತಾವೇ ಸೂಕ್ಷ್ಮವಾಗಿ ಪರಿಶೀಲಿಸಿದರು, ಏಕೆಂದರೆ ಅವರ ಮಾತು ಮುಖ್ಯವಾಗಿ ತಲುಪಬೇಕಿದ್ದದ್ದು ಜರ್ಮನರಿಗೆ. ಆ ಓದುಗರ ಜೊತೆ ವರ್ಷಗಟ್ಟಲೆ ಪತ್ರ ವ್ಯವಹಾರ ನಡೆಸಿದರು, ಶಾಲೆಗಳಿಗೆ ಹೋಗಿ ಮಕ್ಕಳ ಪ್ರಶ್ನೆಗಳಿಗೆ ಉತ್ತರಿಸಿದರು. ತಪ್ಪಿಸಿಕೊಳ್ಳಲು ಏಕೆ ಯತ್ನಿಸಲಿಲ್ಲ, ಜರ್ಮನರ ಮೇಲೆ ದ್ವೇಷವಿಲ್ಲವೇ ಎಂದು ಮತ್ತೆ ಮತ್ತೆ ಕೇಳಿದವರಿಗಾಗಿ ಬರೆದ ಉತ್ತರಗಳು 1976ರ ಶಾಲಾ ಆವೃತ್ತಿಗೆ ಅನುಬಂಧವಾಗಿ ಸೇರಿದವು.