ಎಂಜಿನ್ನಿನ ಆದೇಶವೋ, ಜೀರ್ಣೋದ್ಧಾರವೋ?

ಸ್ಪೋರ್ಟ್ಸ್ ಕಾರಿಗೆ ಬಲ ಸಾಲದೆಂದು ದೊಡ್ಡ ಎಂಜಿನ್ನನ್ನೇ ಕೂಡಿಸಬಯಸುವವರು ಇಂಗ್ಲೆಂಡಿನ ಆಬಿಂಗ್ಡನ್ನಿನಲ್ಲಿ ನಡೆದುದನ್ನು ಮೊದಲು ಪರಾಂಬರಿಸಬೇಕು. ಅಲ್ಲಿ 1962ರಲ್ಲಿ ಹೊರಬಂದ ಎಂ.ಜಿ.ಬಿ. ಕಾರಿಗೆ ಇದ್ದುದು 1.8 ಲೀಟರಿನ ನಾಲ್ಕು ಸಿಲಿಂಡರುಗಳ ಎಂಜಿನ್ನು. 1967ರಲ್ಲಿ ಅದರ ಸ್ಥಾನದಲ್ಲಿ ಮೂರು ಲೀಟರಿನ ಆರು ಸಿಲಿಂಡರುಗಳ ಕಬ್ಬಿಣದ ಎಂಜಿನ್ನನ್ನಿಟ್ಟು ಎಂ.ಜಿ.ಸಿ. ಎಂದರು. ಬಲವೇನೋ ಹೆಚ್ಚಿತು, ಮುಂಭಾಗದ ಭಾರವೂ ಹೆಚ್ಚಿ, ತಿರುವುಗಳಲ್ಲಿ ಮಾತು ಕೇಳದೆಂಬ ಅಪಖ್ಯಾತಿ ಬಂದಿತು. 1973ರಲ್ಲಿ ರೋವರಿನ ಮೂರೂವರೆ ಲೀಟರಿನ ಎಂಟು ಸಿಲಿಂಡರುಗಳ ಎಂಜಿನ್ನನ್ನಿಟ್ಟರು. ಅದು ಅಲ್ಯೂಮಿನಿಯಮ್ಮಿನದು, ತೂಕದಲ್ಲಿ ಮೊದಲಿನದಕ್ಕೆ ಹೆಚ್ಚುಕಡಮೆ ಸಮ. ಆದೇಶವು ಸ್ಥಾನಿಗೆ ಅತ್ಯಂತ ಸದೃಶವಾಗಿರಬೇಕೆಂದು ಪಾಣಿನಿಯು ಅಕ್ಷರಗಳಿಗೆ ವಿಧಿಸಿದುದು ಎಂಜಿನ್ನಿಗೂ ಸಲ್ಲುವುದೆಂದು ನಾವು ಎಣಿಸಿರಲಿಲ್ಲ! ಅಂತಹುದು ದೊರೆಯದವರು ಹಳೆಯದನ್ನೇ ಕಳಚಿ, ಸಿಲಿಂಡರು ಬೋರು ಮಾಡಿಸಿ, ತಕ್ಕ ಪಿಸ್ಟನ್ನು ಹಾಕಿಸುವುದೇ ಲೇಸೆಂದು ನಮ್ಮ ಮತ. ಬಲ ಹೆಚ್ಚುವುದು ಅಲ್ಪವೇ. ಆದರೆ ಗೇರುಪೆಟ್ಟಿಗೆ, ಸ್ಪ್ರಿಂಗುಗಳ ಗೋಜಿಗೆ ಹೋಗಬೇಕಾಗಿಲ್ಲ.