ಕಾರಿಲ್ಲದ ಕಣಿವೆಯ ಜಲ್ಲಿದಾರಿ

ಬೈಸಿಕಲ್ಲು ತುಳಿಯುವವರಿಗೆಲ್ಲ ಎರಡು ಭಯಗಳುಂಟು: ಎದುರಿಗೆ ನಿಂತ ಏರು ಒಂದು, ಬೆನ್ನ ಹಿಂದೆ ಬರುವ ಮೋಟಾರು ಇನ್ನೊಂದು. ಬೆಟ್ಟದ ನಾಡಿನಲ್ಲಿ ಇವೆರಡೂ ಒಟ್ಟಿಗೆ ಒದಗುತ್ತವೆ. ದಾರಿ ಇಕ್ಕಟ್ಟು, ತಿರುವು ಹೆಚ್ಚು. ಏದುಸಿರು ಬಿಡುತ್ತಿರುವ ಸವಾರನಿಗೆ ಪಕ್ಕಕ್ಕೆ ಸರಿಯಲೂ ಎಡೆಯಿರುವುದಿಲ್ಲ. ಹೀಗಿರುವಾಗ, ಎತ್ತರವಾದ ಬೆಟ್ಟಗಳ ನಡುವಣ ಸರೋವರವೊಂದರ ದಡದಲ್ಲಿ, ಕಾರಿನ ಸದ್ದಿಲ್ಲದೆ, ಡಾಂಬರು ಕಾಣದ ಜಲ್ಲಿಯ ಹಾದಿಯಲ್ಲಿ, ಸಾಧಾರಣ ಕಸುವಿನವನೊಬ್ಬನು ಒಂದು ಗಂಟೆಯೊಳಗೆ ಕಣಿವೆಯ ಕೊನೆಯನ್ನು ಮುಟ್ಟಬಹುದೆಂದರೆ ವಾಚಕರಿಗೆ ಆಶ್ಚರ್ಯವೆನಿಸಬಹುದು. ಇದು ಹೇಗೆ ಸಾಧ್ಯವೆಂಬುದನ್ನು ನಾವು ಇಲ್ಲಿ ವಿಚಾರಿಸೋಣ.

ನಾವು ಆರಿಸಿಕೊಂಡಿರುವ ಸ್ಥಳ ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿ, ಕಂಬ್ರಿಯ ಪ್ರಾಂತದಲ್ಲಿರುವ ಸರೋವರ ಜಿಲ್ಲೆ. 1951ರಲ್ಲಿ ಇದನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಲಾಯಿತು. 2017ರಲ್ಲಿ ಯುನೆಸ್ಕೋ ಸಂಸ್ಥೆಯ ವಿಶ್ವ ಪರಂಪರೆಯ ಪಟ್ಟಿಗೂ ಇದು ಸೇರಿತು. ಇಲ್ಲಿಯ ಅತಿ ಎತ್ತರದ ಶಿಖರ ಕೇವಲ 978 ಮೀಟರ್. ಆದರೂ ಬೆಟ್ಟಗಳ ಪಕ್ಕಗಳು ಬಹಳ ಕಡಿದು. ಇಲ್ಲಿಯೇ ಹುಟ್ಟಿ ಬಾಳಿದ ಕವಿ ವರ್ಡ್ಸ್‌ವರ್ತ್ ಈ ನಾಡಿನ ಕಣಿವೆಗಳನ್ನು ಚಕ್ರದ ನಾಭಿಯಿಂದ ಹೊರಟ ಅರೆಕಾಲುಗಳಿಗೆ ಹೋಲಿಸಿದನು. ಬೈಸಿಕಲ್ಲು ಇನ್ನೂ ಬಳಕೆಗೆ ಬಾರದ ಕಾಲದಲ್ಲಿ ಹೊಳೆದ ಆ ಹೋಲಿಕೆ ಇಂದಿನ ಸವಾರರಿಗೆ ಎಷ್ಟು ಒಪ್ಪುತ್ತದೆ!

ಈ ಚಕ್ರದ ಪಶ್ಚಿಮದ ಅರೆಕಾಲುಗಳಲ್ಲೊಂದು ಎನ್ನರ್‌ಡೇಲ್ ಕಣಿವೆ. ಅದರಲ್ಲಿ ಸುಮಾರು 4 ಕಿಲೋಮೀಟರ್ ಉದ್ದದ ಸರೋವರವೊಂದಿದೆ. ಜಿಲ್ಲೆಯ ದೊಡ್ಡ ಸರೋವರಗಳ ಪೈಕಿ ದಡದುದ್ದಕ್ಕೂ ಸಾರ್ವಜನಿಕ ಮೋಟಾರು ರಸ್ತೆ ಹಾಯದಿರುವುದು ಇದೊಂದರಲ್ಲಿಯೇ. 1920ರ ದಶಕದಲ್ಲಿ ಸರ್ಕಾರದ ಅರಣ್ಯ ಇಲಾಖೆಯವರು ಇಲ್ಲಿ ಸೂಚಿಪರ್ಣಿ ಮರಗಳನ್ನು ನೆಡಿಸಿದರು. ಆ ಮರಗಳನ್ನು ಸಾಗಿಸಲು ಆದ ಜಲ್ಲಿಯ ದಾರಿ ಸರೋವರದ ಉತ್ತರ ದಡವನ್ನು ಹಿಡಿದು, ಲೈಜಾ ನದಿಯ ಜೊತೆಗೂಡಿ, ಬ್ಲ್ಯಾಕ್ ಸೇಲ್ ಎಂಬ ಒಂಟಿ ಕುಟೀರದ ಕಡೆಗೆ ಸಾಗುತ್ತದೆ. ಹಿಂದೆ ಕುರುಬರು ತಂಗುತ್ತಿದ್ದ ಈ ಕುಟೀರ ಈಗ ಯಾತ್ರಿಕರ ತಂಗುದಾಣ. ಸರೋವರದ ಬಳಿಯ ವಾಹನ ನಿಲ್ದಾಣದಿಂದ ಮುಂದಕ್ಕೆ ಪ್ರವಾಸಿಗಳ ಕಾರುಗಳಿಗೆ ಪ್ರವೇಶವಿಲ್ಲ. ಅರಣ್ಯದ ಕೆಲಸಕ್ಕೂ ಕುಟೀರದ ಅಗತ್ಯಕ್ಕೂ ಅನುಮತಿ ಪಡೆದ ವಾಹನ ಎಂದೋ ಒಮ್ಮೆ ಬಂದರೆ ಬಂದೀತು.

ಮೊದಲು ಏರಿನ ವಿಚಾರ. ಈ ಕಣಿವೆಯನ್ನು ಈ ರೂಪಕ್ಕೆ ತಂದದ್ದು ಹಿಮನದಿ. ಹೊಳೆಯ ನೀರು ಬೆಟ್ಟವನ್ನು ಕೊರೆದರೆ ಕಣಿವೆಯ ತಳ ಇಕ್ಕಟ್ಟಾಗಿ ಮೊನಚಾಗುತ್ತದೆ. ನೂರಾರು ಮೀಟರ್ ದಪ್ಪದ ಹಿಮರಾಶಿ ಜಾರುತ್ತ ಸಾಗಿದರೆ ತಳವನ್ನೂ ಪಕ್ಕಗಳನ್ನೂ ಒಟ್ಟಿಗೆ ಉಜ್ಜಿ, ದೋಣಿಯ ಒಳಮೈಯಂತೆ ಅಗಲ ಮಾಡುತ್ತದೆ. ಹಿಮ ಕರಗಿದ ಮೇಲೆ ಆಳವಾದ ಭಾಗದಲ್ಲಿ ನೀರು ನಿಂತು ಸರೋವರವಾಯಿತು. ಮಿಕ್ಕ ಭಾಗವನ್ನು ಕಲ್ಲು ಮಣ್ಣು ತುಂಬಿತು. ಆದುದರಿಂದ ಪಕ್ಕದಲ್ಲಿ 892 ಮೀಟರ್ ಎತ್ತರದ ಪಿಲ್ಲರ್ ಶಿಖರ ನಿಂತಿದ್ದರೂ ಕಣಿವೆಯ ತಳ ಮೆಲ್ಲಮೆಲ್ಲನೆ ಮಾತ್ರ ಏರುತ್ತದೆ. ಸುಮಾರು 9 ಕಿಲೋಮೀಟರ್ ದಾರಿಗೆ ಒಟ್ಟು ಏರಿಕೆ 200 ಮೀಟರಿಗಿಂತ ಕಡಿಮೆ. ಎಂದರೆ ನೂರು ಮೀಟರಿಗೆ ಎರಡು ಮೀಟರಿನಷ್ಟು.

ಈ ಅಂಕೆಯ ಅರ್ಥವನ್ನು ಲೆಕ್ಕ ಹಾಕಿ ನೋಡೋಣ. ಹತ್ತು ಕಿಲೋಗ್ರಾಂ ಭಾರವನ್ನು ಸೆಕೆಂಡಿಗೆ ಒಂದು ಮೀಟರಿನಂತೆ ಎತ್ತುವ ಸಾಮರ್ಥ್ಯ ಸುಮಾರು 100 ವಾಟು. ಆರೋಗ್ಯವಂತನಾದ ಮನುಷ್ಯನೊಬ್ಬನು ಒಂದು ಗಂಟೆಯ ಕಾಲ ಬಳಲದೆ ಕೊಡಬಹುದಾದುದು ಹೆಚ್ಚು ಕಡಿಮೆ ಇಷ್ಟೆ. ಸವಾರನೂ ಬೈಸಿಕಲ್ಲೂ ಸೇರಿ 85 ಕಿಲೋಗ್ರಾಂ ಇದ್ದು, ಗಂಟೆಗೆ 12 ಕಿಲೋಮೀಟರ್ ವೇಗದಲ್ಲಿ ಈ ಏರನ್ನು ಹತ್ತುವಾಗ ಗುರುತ್ವಾಕರ್ಷಣೆಯನ್ನು ಮೀರಲು ಸುಮಾರು 55 ವಾಟು, ಜಲ್ಲಿಯ ಮೇಲೆ ಗಾಲಿ ಉರುಳಲು 30ರಿಂದ 35 ವಾಟು, ಗಾಳಿಯನ್ನು ಸೀಳಲು 10 ವಾಟು ಬೇಕು. ಮೊತ್ತ 100 ವಾಟಿನ ಆಸುಪಾಸು. ಇದೇ ಜಿಲ್ಲೆಯ ಹಾರ್ಡ್‌ನಾಟ್ ಘಟ್ಟದ ರಸ್ತೆಗೆ ಡಾಂಬರು ಹಾಕಿದೆ. ಆದರೆ ಕೆಲವೆಡೆ ಅದು ಮೂರು ಮೀಟರಿಗೆ ಒಂದು ಮೀಟರಿನಂತೆ ಏರುತ್ತದೆ. ಅಲ್ಲಿ ಕಾಲ್ನಡಿಗೆಯ ವೇಗದಲ್ಲಿ ಹತ್ತುವುದಕ್ಕೂ 300 ವಾಟು ಸಾಲದು. ಡಾಂಬರಿನಿಂದ ಜಲ್ಲಿಗೆ ಬಂದಾಗ ತೆರುವ ದಂಡ ನೂರಕ್ಕೆ ಒಂದರಷ್ಟು ಏರಿಗೂ ಸಮನಲ್ಲ. ಸವಾರನ ಶಕ್ತಿಯನ್ನು ಹೀರುವುದು ದಾರಿಯ ಒರಟುತನಕ್ಕಿಂತ ಹೆಚ್ಚಾಗಿ ಅದರ ಏರು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹಾಗೆಂದು ಒರಟುತನವನ್ನು ಕಡೆಗಣಿಸುವಂತಿಲ್ಲ. ಕಲ್ಲೊಂದು ಎದುರಾದಾಗ ಗಟ್ಟಿಯಾದ ಗಾಲಿ ಅದನ್ನು ಹತ್ತಿ ಇಳಿಯಬೇಕು. ಆಗ ಬೈಸಿಕಲ್ಲೂ ಸವಾರನೂ ಮೇಲಕ್ಕೆ ಎಗರಿ ಕೆಳಕ್ಕೆ ಬೀಳುತ್ತಾರೆ. ಹೀಗೆ ಎತ್ತಿದ ಶಕ್ತಿಯ ಬಹುಭಾಗ ಮೈನೋವಾಗಿಯೇ ವ್ಯಯವಾಗುತ್ತದೆ. ಟಯರಿನಲ್ಲಿ ಗಾಳಿ ಕಡಿಮೆಯಿದ್ದರೆ ರಬ್ಬರು ಕಲ್ಲಿನ ಸುತ್ತ ತಗ್ಗಿ ಅದನ್ನು ತನ್ನೊಳಗೆ ಅಡಗಿಸಿಕೊಳ್ಳುತ್ತದೆ, ಸವಾರನು ಮೇಲೇಳಬೇಕಾಗಿಲ್ಲ. ಹಿಂದಿನ ಗಾಲಿಯ ಮೇಲೆ 50 ಕಿಲೋಗ್ರಾಂ ಭಾರವಿದೆಯೆನ್ನಿ. ಪಂದ್ಯದ ಕಿರಿದಾದ ಟಯರಿನಲ್ಲಿ ಚದರ ಸೆಂಟಿಮೀಟರಿಗೆ 7 ಕಿಲೋಗ್ರಾಂ ಒತ್ತಡವಿದ್ದರೆ ನೆಲವನ್ನು ಮುಟ್ಟುವ ಭಾಗ ಸುಮಾರು 7 ಚದರ ಸೆಂಟಿಮೀಟರ್. ಜಲ್ಲಿದಾರಿಗೆಂದೇ ತಯಾರಾಗುವ, 40 ಮಿಲಿಮೀಟರಿನಷ್ಟು ಅಗಲದ ಟಯರಿನಲ್ಲಿ ಒತ್ತಡ 2.5 ಕಿಲೋಗ್ರಾಂ ಇದ್ದರೆ ಅದು 20 ಚದರ ಸೆಂಟಿಮೀಟರ್ ಆಗುತ್ತದೆ. ಭಾರ ಹೆಚ್ಚು ಜಾಗಕ್ಕೆ ಹಂಚಿಹೋಗಿ ಗಾಲಿ ಜಲ್ಲಿಯಲ್ಲಿ ಹೂತುಕೊಳ್ಳುವುದಿಲ್ಲ, ಹಿಡಿತವೂ ಬಲವಾಗುತ್ತದೆ. 1888ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಡನ್‌ಲಪ್ ಗಾಳಿ ತುಂಬಿದ ಟಯರಿಗೆ ಪೇಟೆಂಟು ಪಡೆದದ್ದು, ಒರಟು ನೆಲದ ಮೇಲೆ ತನ್ನ ಮಗನ ಮೂರುಗಾಲಿಯ ಬಂಡಿ ಹಗುರಾಗಿ ಓಡಲೆಂದು ಮಾಡಿದ ಪ್ರಯೋಗದ ಫಲವಾಗಿ. ಇಂದಿನ ‘ಗ್ರ್ಯಾವೆಲ್ ಬೈಕು’ ಆ ಹಳೆಯ ಉದ್ದೇಶಕ್ಕೇ ಮರಳಿದೆ ಎನ್ನಬಹುದು.

ಇನ್ನು ಜಲ್ಲಿಯ ವಿಚಾರ. ಹೊಳೆಯಲ್ಲಿ ಉರುಳಿ ನುಣುಪಾದ ಗುಂಡುಕಲ್ಲುಗಳನ್ನು ಹರಡಿದರೆ ದಾರಿಯಾಗದು. ಅವು ಗಾಲಿಯ ಕೆಳಗೆ ಗೋಲಿಗಳಂತೆ ಜಾರುತ್ತವೆ. ಒಡೆದ ಕಲ್ಲಿನ ಮೂಲೆಗಳು ಒಂದಕ್ಕೊಂದು ಸಿಕ್ಕಿಕೊಂಡು ಕಚ್ಚಿ ನಿಲ್ಲುತ್ತವೆ. ರಸ್ತೆಗಳ ನಿರ್ಮಾಣದಲ್ಲಿ ಹೆಸರಾದ ಸ್ಕಾಟ್ಲೆಂಡಿನ ಮೆಕಾಡಮ್ (1756–1836) ಸಾರಿದ ತತ್ತ್ವ ಇದೇ. ಚಿಕ್ಕದಾಗಿ ಒಡೆದ ಕಲ್ಲು, ನಡುವೆ ಕೊಂಚ ಉಬ್ಬಿದ ಮೇಲ್ಮೈ, ಪಕ್ಕದಲ್ಲಿ ಚರಂಡಿ, ಇವಿಷ್ಟಿದ್ದರೆ ರಸ್ತೆ ಬಾಳುತ್ತದೆ. ಏಕೆಂದರೆ ರಸ್ತೆಯ ಶತ್ರು ಗಾಲಿಯಲ್ಲ, ನೀರು. ಮಳೆಗಾಲದ ಮಲೆನಾಡನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೀರಿನ ಬಲ ಎಂಥದೆಂಬುದಕ್ಕೆ ಒಂದು ಸ್ಥೂಲವಾದ ಸೂತ್ರವುಂಟು. ಹರಿವಿನ ವೇಗ ಎರಡರಷ್ಟಾದರೆ ಅದು ಸಾಗಿಸಬಲ್ಲ ಕಲ್ಲಿನ ತೂಕ 64 ಪಟ್ಟು ಹೆಚ್ಚುತ್ತದೆ. ಗಾಲಿಯ ಜಾಡಿನಲ್ಲಿ ಹರಿಯತೊಡಗಿದ ಸಣ್ಣ ತೊರೆ ರಾತ್ರಿ ಕಳೆಯುವುದರೊಳಗೆ ದಾರಿಯನ್ನೇ ಅಗೆದುಹಾಕುವುದು ಇದರಿಂದಲೇ. 2015ರ ಡಿಸೆಂಬರ್ 5ರಂದು ಮುಗಿದ 24 ಗಂಟೆಗಳಲ್ಲಿ ಈ ಜಿಲ್ಲೆಯ ಹಾನಿಸ್ಟರ್ ಘಟ್ಟದಲ್ಲಿ 341.4 ಮಿಲಿಮೀಟರ್ ಮಳೆ ಸುರಿಯಿತು. ಅದೇ ಬಿರುಗಾಳಿಯ ಪ್ರವಾಹದಲ್ಲಿ ಕೆಸ್ವಿಕ್ ಮತ್ತು ತ್ರೆಲ್ಕೆಲ್ಡ್ ಊರುಗಳ ನಡುವೆ ಗ್ರೀಟಾ ನದಿಯನ್ನು ಹಲವು ಬಾರಿ ದಾಟುವ ಇನ್ನೊಂದು ಪ್ರಸಿದ್ಧವಾದ ಮೋಟಾರುರಹಿತ ದಾರಿ ಕಡಿದುಹೋಯಿತು. ಅದು 1972ರಲ್ಲಿ ಮುಚ್ಚಿದ ರೈಲುಮಾರ್ಗದ ಮೇಲಣ ದಾರಿ. ರೈಲು ಕಡಿದಾದ ಏರನ್ನು ಹತ್ತಲಾರದ ಕಾರಣ ಸವಾರರಿಗೂ ನಡೆಯುವವರಿಗೂ ಹಿತವಾಗಿತ್ತು. ಸೇತುವೆಗಳು ಕೊಚ್ಚಿಹೋದ ಮೇಲೆ ಅದು ಮತ್ತೆ ಪೂರ್ತಿಯಾಗಿ ತೆರೆದದ್ದು 2020ರ ಡಿಸೆಂಬರಿನಲ್ಲಿ.

ಪುನರ್ನಿರ್ಮಾಣದ ಕಾಲದಲ್ಲಿ ಒಂದು ವಾದವೆದ್ದಿತು. ದಾರಿಗೆ ಡಾಂಬರು ಹಾಕಿದರೆ ಕಾಡಿನ ಹಾದಿ ಪೇಟೆಯ ಬೀದಿಯಂತಾಗುವುದೆಂದು ಕೆಲವರು ಆಕ್ಷೇಪಿಸಿದರು. ಗಟ್ಟಿಯಾದ ನುಣುಪು ಮೇಲ್ಮೈ ಇದ್ದರೆ ಗಾಲಿಕುರ್ಚಿಯವರೂ ಮಕ್ಕಳ ತಳ್ಳುಗಾಡಿಯವರೂ ಬರಬಹುದಲ್ಲವೆ ಎಂಬುದು ಇನ್ನೊಂದು ಕಡೆಯ ನ್ಯಾಯ. ಕೊನೆಗೆ ಅಲ್ಲಿ ನುಣುಪಿಗೇ ಗೆಲುವಾಯಿತು. ನಮಗೆ ತೋರುವಂತೆ ಇದರಲ್ಲಿ ತಪ್ಪೇನೂ ಇಲ್ಲ. ಎರಡು ಊರುಗಳನ್ನು ಕೂಡಿಸುವ ದಾರಿಯಲ್ಲಿ ಎಲ್ಲರಿಗೂ ಪಾಲಿರಬೇಕು. ಆದರೆ ಎಲ್ಲ ಕಣಿವೆಗೂ ಅದೇ ಮದ್ದು ಎನ್ನುವಂತಿಲ್ಲ. ದೂರದ ಎನ್ನರ್‌ಡೇಲಿನಲ್ಲಿ 2003ರಿಂದ ನದಿಯನ್ನೂ ಕಾಡನ್ನೂ ಆದಷ್ಟು ತಮ್ಮ ಪಾಡಿಗೆ ಬೆಳೆಯಲು ಬಿಡುವ ಯೋಜನೆ ನಡೆಯುತ್ತಿದೆ. ಅಂಥ ಕಡೆ ಕಿತ್ತುಹೋದರೆ ಸಲಿಕೆಯಿಂದ ಸರಿಪಡಿಸಬಹುದಾದ ಜಲ್ಲಿಯೇ ಹೊಂದುತ್ತದೆ.

ಸವಾರರು ಮರೆಯಬಾರದ ಮಾತೊಂದುಂಟು. ಇಂಗ್ಲೆಂಡಿನಲ್ಲಿ ಕುದುರೆದಾರಿಗಳ ಮೇಲೆ ಬೈಸಿಕಲ್ಲಿಗೆ ಹಕ್ಕು ದೊರೆತದ್ದು 1968ರ ಶಾಸನದಿಂದ. ನಡೆಯುವವರಿಗೂ ಕುದುರೆಯವರಿಗೂ ಮೊದಲು ದಾರಿ ಬಿಡಬೇಕೆಂಬ ಕಟ್ಟಳೆ ಆ ಹಕ್ಕಿನೊಡನೆಯೇ ಬಂದಿತು. ಮೋಟಾರಿನವನಿಂದ ನಾವು ಬಯಸುವ ಮರ್ಯಾದೆಯನ್ನು ಪಾದಚಾರಿ ನಮ್ಮಿಂದ ಬಯಸುವುದು ಸಹಜವೇ ಅಲ್ಲವೆ?

ಒಟ್ಟಿನಲ್ಲಿ ಈ ಸವಾರಿಯ ಸುಖಕ್ಕೆ ಹಲವರ ದುಡಿಮೆ ಕೂಡಿದೆ. ಏರನ್ನು ತಗ್ಗಿಸಿದ್ದು ಹಿಮನದಿ, ನೆಲವನ್ನು ಗಟ್ಟಿಮಾಡಿದ್ದು ಒಡೆದ ಕಲ್ಲು, ಕಲ್ಲನ್ನು ಸಹ್ಯವಾಗಿಸಿದ್ದು ಟಯರಿನೊಳಗಣ ಗಾಳಿ. ಆದರೆ ಮೌನವನ್ನು ತಂದುಕೊಟ್ಟದ್ದು ಇವುಗಳಲ್ಲಿ ಯಾವುದೂ ಅಲ್ಲ. ಕಾರುಗಳು ಇಲ್ಲಿಂದ ಮುಂದೆ ಹೋಗಬಾರದೆಂದು ಮನುಷ್ಯರು ಮಾಡಿದ ಒಂದು ತೀರ್ಮಾನ. ಅದಕ್ಕೆ ತಗಲುವ ಖರ್ಚು ಒಂದು ಗೇಟು ಮಾತ್ರ.