ಟೀವಿಯ ಶಾರ್ಕ್ ಬೇರೆ, ನಮ್ಮ ಕಡಲಿನ ಶಾರ್ಕ್ ಬೇರೆ

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್‌ಗೆ ಹೊರಟವರು ದೋಣಿ ಹತ್ತುವ ಮುನ್ನ ಕೇಳುವುದುಂಟು: ‘ಅಲ್ಲಿ ಶಾರ್ಕ್ ಇದೆಯಾ?’ ಇದೆ. ರೆಕ್ಕೆಯ ತುದಿ ಕಪ್ಪಗಿರುವ, ಆಳೆತ್ತರಕ್ಕಿಂತ ಕಡಿಮೆ ಉದ್ದದ ಶಾರ್ಕ್ ಅಲ್ಲಿ ಕೆಲವೊಮ್ಮೆ ಕಾಣಸಿಗುತ್ತದೆ. ಮಂಗಳೂರು, ಮಲ್ಪೆಯ ಮೀನು ಮಾರುಕಟ್ಟೆಯಲ್ಲಿ ‘ತಾಟೆ’ ಎಂದೂ ಕಾರವಾರದ ಕಡೆ ‘ಮೋರಿ’ ಎಂದೂ ಮಾರುವುದು ಶಾರ್ಕ್ ಜಾತಿಯ ಮೀನುಗಳನ್ನೇ. ಸಾರು ಮಾಡಿ ಉಣ್ಣುವ ಈ ಮೀನಿನ ಬಗ್ಗೆ ನಮಗಿರುವ ಭಯ ಮಾತ್ರ ಬಹುಪಾಲು ಪರದೆಯಿಂದ ಬಂದದ್ದು.

ತಪ್ಪು ಕಲ್ಪನೆ: ಸಾಕ್ಷ್ಯಚಿತ್ರದಲ್ಲಿ ಕಂಡದ್ದೆಲ್ಲ ಸಹಜ ವರ್ತನೆ.

ಸತ್ಯ: ನೀರಿನಿಂದ ಚಿಮ್ಮಿ ಸೀಲ್ ಹಿಡಿಯುವ ಬಿಳಿ ಶಾರ್ಕ್‌ನ ಹೆಸರುವಾಸಿ ದೃಶ್ಯಗಳು ದಕ್ಷಿಣ ಆಫ್ರಿಕಾದ ಫಾಲ್ಸ್ ಬೇ ಕೊಲ್ಲಿಯವು. ಬಿಳಿ ಶಾರ್ಕ್ ತಂಪು ನೀರು ಬಯಸುವ ಮೀನು; ನಮ್ಮ ಕಡಲು ಬೆಚ್ಚಗಿನದು. ಶಾರ್ಕ್ ಬಾಯಿ ತೆರೆದು ಕ್ಯಾಮೆರಾದತ್ತ ನುಗ್ಗುವ ಎಷ್ಟೋ ದೃಶ್ಯಗಳ ಹಿಂದೆ ನೀರಿಗೆ ಸುರಿದ ಮೀನಿನ ರಕ್ತ, ಎಣ್ಣೆ, ಹಗ್ಗಕ್ಕೆ ಕಟ್ಟಿದ ತುಂಡುಗಳಿರುತ್ತವೆ. 2013ರಲ್ಲಿ ಡಿಸ್ಕವರಿ ಚಾನೆಲ್ ನಟರನ್ನೇ ವಿಜ್ಞಾನಿಗಳೆಂದು ತೋರಿಸಿ, ಮೆಗಲೊಡಾನ್ ಎಂಬ ದೈತ್ಯ ಶಾರ್ಕ್ ಇನ್ನೂ ಬದುಕಿದೆ ಎಂಬಂಥ ಕಾರ್ಯಕ್ರಮ ಬಿತ್ತರಿಸಿತ್ತು. ಮೆಗಲೊಡಾನ್ ಅಳಿದು ಸುಮಾರು 36 ಲಕ್ಷ ವರ್ಷಗಳಾಗಿವೆ.

ತಪ್ಪು ಕಲ್ಪನೆ: ಶಾರ್ಕ್ ಮನುಷ್ಯರನ್ನು ಹುಡುಕಿ ಬೇಟೆಯಾಡುತ್ತದೆ.

ಸತ್ಯ: ಶಾರ್ಕ್‌ಗಳಲ್ಲಿ 500ಕ್ಕೂ ಹೆಚ್ಚು ಜಾತಿಗಳಿವೆ. ಮನುಷ್ಯರಿಗೆ ಅಪಾಯ ಒಡ್ಡಬಲ್ಲವು ಬೆರಳೆಣಿಕೆಯಷ್ಟು. ಅಮೆರಿಕದ ಫ್ಲೋರಿಡಾದಲ್ಲಿರುವ ಅಂತರರಾಷ್ಟ್ರೀಯ ಶಾರ್ಕ್ ದಾಳಿ ದಾಖಲೆಯ ಪ್ರಕಾರ, ಯಾರೂ ಕೆಣಕದೆ ಶಾರ್ಕ್ ಕಚ್ಚಿದ ಪ್ರಕರಣಗಳು 2024ರಲ್ಲಿ ಇಡೀ ಜಗತ್ತಿನಲ್ಲಿ 47. ಅಪಾಯ ಇಲ್ಲವೇ ಇಲ್ಲ ಎಂದಲ್ಲ. ಅದೇ ವರ್ಷ ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯ ವೈತರಣಾ ನದಿಯಲ್ಲಿ ಶಾರ್ಕ್ ಒಬ್ಬರ ಕಾಲು ಕಚ್ಚಿತ್ತು. ಬುಲ್ ಶಾರ್ಕ್‌ನಂಥವು ಅಳಿವೆ ದಾಟಿ ನದಿಗೂ ಬರುತ್ತವೆ. ಆದರೆ ನಮ್ಮ ಕಡಲತೀರಗಳಲ್ಲಿ ಜೀವ ತೆಗೆಯುತ್ತಿರುವುದು ಅಲೆ ಮತ್ತು ಸೆಳೆತ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಶಾರ್ಕ್‌ಗೆ ಹೆದರುವವರು ನೀರಿಗಿಳಿಯಬೇಡಿ ಎನ್ನುವ ತೀರದ ಕೆಂಪು ಬಾವುಟಕ್ಕೆ ಹೆದರುವುದಿಲ್ಲ!

ತಪ್ಪು ಕಲ್ಪನೆ: ಒಂದು ಹನಿ ರಕ್ತ ಬಿದ್ದರೆ ಮೈಲಿಯಾಚೆಯಿಂದ ಶಾರ್ಕ್ ಓಡಿ ಬರುತ್ತದೆ.

ಸತ್ಯ: ಮೂಗು ಚುರುಕು, ನಿಜ. ಆದರೆ ವಾಸನೆ ತಲುಪಬೇಕಾದರೆ ನೀರಿನ ಹರಿವು ಅದನ್ನು ಹೊತ್ತು ತರಬೇಕು. ಅದಕ್ಕೆ ಹೊತ್ತು ಹಿಡಿಯುತ್ತದೆ, ಅಷ್ಟರೊಳಗೆ ಹನಿ ಕರಗಿ ತೆಳುವಾಗಿರುತ್ತದೆ.

ತಪ್ಪು ಕಲ್ಪನೆ: ಈಜುವುದು ನಿಲ್ಲಿಸಿದರೆ ಶಾರ್ಕ್ ಸಾಯುತ್ತದೆ.

ಸತ್ಯ: ಕೆಲವು ಜಾತಿಗಳಿಗೆ ಮಾತ್ರ ಈ ಮಾತು ಹೊಂದುತ್ತದೆ. ಭಾರತದ ಪಶ್ಚಿಮ ಕರಾವಳಿಯಲ್ಲೂ ಇರುವ ಬಿದಿರು ಶಾರ್ಕ್ ಹಗಲೆಲ್ಲ ಬಂಡೆಯ ಸಂದಿಯಲ್ಲಿ ಹೊಟ್ಟೆ ಊರಿ ಮಲಗಿರುತ್ತದೆ. ಬಾಲ ಅಲುಗದು. ಹತ್ತಿರದಿಂದ ನೋಡಿದರೆ ಕಿವಿರಿನ ಸೀಳುಗಳು ಮಾತ್ರ ಮೆಲ್ಲಗೆ ತೆರೆದು ಮುಚ್ಚುತ್ತವೆ. ಬಾಯಿಯ ಸ್ನಾಯುಗಳಿಂದಲೇ ನೀರನ್ನು ಒಳಗೆಳೆದು ಕಿವಿರಿನತ್ತ ತಳ್ಳಿ ಅದು ಉಸಿರಾಡುತ್ತದೆ.

ತಪ್ಪು ಕಲ್ಪನೆ: ಮರಿ ಶಾರ್ಕ್ ತಿಂದರೆ ಬಾಣಂತಿಗೆ ಎದೆಹಾಲು ಹೆಚ್ಚುತ್ತದೆ.

ಸತ್ಯ: ಕರಾವಳಿಯ ಮನೆಗಳಲ್ಲಿ ಈ ನಂಬಿಕೆ ಗಟ್ಟಿಯಾಗಿದೆ. ಮೀನಿನಲ್ಲಿ ಪ್ರೋಟೀನ್ ಇದೆ, ಬಾಣಂತಿಗೆ ಅದು ಬೇಕು ಕೂಡ. ಆದರೆ ಶಾರ್ಕೇ ಆಗಬೇಕಿಲ್ಲ. ಸಣ್ಣ ಮೀನನ್ನು ದೊಡ್ಡ ಮೀನು ತಿನ್ನುತ್ತ ಹೋದಂತೆ ಪಾದರಸ ಮೇಲಿನ ಬೇಟೆಗಾರರ ಮೈಯಲ್ಲಿ ಸೇರುತ್ತ ಹೋಗುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಗರ್ಭಿಣಿಯರೂ ಹಾಲುಣಿಸುವ ತಾಯಂದಿರೂ ತಿನ್ನಬಾರದ ಮೀನುಗಳ ಪಟ್ಟಿಯಲ್ಲಿ ಶಾರ್ಕನ್ನು ಇಟ್ಟಿದೆ. ಬೂತಾಯಿ ಅಗ್ಗ, ಪುಷ್ಟಿಯೂ ಹೌದು.

ತಪ್ಪು ಕಲ್ಪನೆ: ದೊಡ್ಡದಾದಷ್ಟೂ ಅಪಾಯ ಹೆಚ್ಚು.

ಸತ್ಯ: ಜಗತ್ತಿನ ಅತಿ ದೊಡ್ಡ ಮೀನಾದ ತಿಮಿಂಗಿಲ ಶಾರ್ಕ್ ನಮ್ಮ ಅರಬ್ಬೀ ಸಮುದ್ರದಲ್ಲೇ ಇದೆ. ಅದು ಬಾಯ್ದೆರೆದು ಸೋಸಿ ತಿನ್ನುವುದು ಪ್ಲವಕ, ಪುಟ್ಟ ಮೀನು, ಮೀನಿನ ಮೊಟ್ಟೆ. ಅದರಿಂದ ನಮಗೆ ಅಪಾಯವಿರಲಿಲ್ಲ, ನಮ್ಮಿಂದ ಅದಕ್ಕಿತ್ತು. ಮಾಂಸಕ್ಕೂ ದೋಣಿಗೆ ಬಳಿಯುವ ಎಣ್ಣೆಗೂ ಗುಜರಾತ್ ಕರಾವಳಿಯಲ್ಲಿ ಅದನ್ನು ಕೊಲ್ಲುತ್ತಿದ್ದುದನ್ನು ನಿರ್ದೇಶಕ ಮೈಕ್ ಪಾಂಡೆ ‘ಶೋರ್ಸ್ ಆಫ್ ಸೈಲೆನ್ಸ್’ ಸಾಕ್ಷ್ಯಚಿತ್ರದಲ್ಲಿ ತೋರಿಸಿದರು. 2001ರಲ್ಲಿ ತಿಮಿಂಗಿಲ ಶಾರ್ಕ್ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿತು. ಈಗ ಗುಜರಾತಿನಲ್ಲಿ ಬಲೆ ಕತ್ತರಿಸಿ ಅದನ್ನು ಬಿಡುವ ಮೀನುಗಾರರಿಗೆ ಅರಣ್ಯ ಇಲಾಖೆ ಬಲೆಯ ಪರಿಹಾರ ಕೊಡುತ್ತದೆ.

ಹಾಗಾಗಿ ಸಾಕ್ಷ್ಯಚಿತ್ರ ನೋಡುವುದನ್ನು ಬಿಡಬೇಕಿಲ್ಲ. ನೋಡುವಾಗ ಎರಡು ಪ್ರಶ್ನೆ ಕೇಳಿಕೊಂಡರೆ ಸಾಕು: ಇದು ಯಾವ ಕಡಲು? ಶಾರ್ಕ್ ತಾನಾಗಿ ಬಂದಿತೋ, ಮೀನು ಎಸೆದು ಕರೆಸಿದರೋ?